ಚಳಿಗಾಲದ ಬೈಕ್ ಸವಾರಿ: ಭೂತನಾಳ ಮತ್ತು ವಿಜಯಪುರ ಸೀಮೆ

ವಿಜಯಪುರ ನಗರ, ಅದರ ಅಂಚಿನ ಭೂತನಾಳ, ಪಶ್ಚಿಮಕ್ಕೆ ತಿಕೋಟಾ, ದಕ್ಷಿಣಕ್ಕೆ ಬಬಲೇಶ್ವರ ತಾಲ್ಲೂಕುಗಳನ್ನು ಒಳಗೊಂಡ ಬಯಲಿನಲ್ಲಿ ನವೆಂಬರ್ ನಡುವಿನಿಂದ ಫೆಬ್ರವರಿ ಮೊದಲ ಭಾಗದವರೆಗೆ ನಸುಕಿನ ಮತ್ತು ರಾತ್ರಿಯ ಬೈಕ್ ಸವಾರಿ ಮೈ ಕೊರೆಯುವ ಕೆಲಸ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಹೆಸರಾದ ಸೀಮೆಯಿದು. ಇಲ್ಲಿಯ ಮನೆ, ಉಡುಪು, ಚಪ್ಪಲಿ ಎಲ್ಲವೂ ಬಿಸಿಲಿಗೆ ಹೊಂದಿಕೊಂಡಿವೆ. ಹಾಗಾಗಿ ವರ್ಷದಲ್ಲಿ ಎರಡೂವರೆ ಮೂರು ತಿಂಗಳು ಬಂದುಹೋಗುವ ಥಂಡಿಗೆ ಜನ ಮಾಡಿಕೊಳ್ಳುವ ಸಿದ್ಧತೆ ಬಹುಪಾಲು ಇರುವುದನ್ನೇ ಮೈಗೆ ಸುತ್ತಿಕೊಳ್ಳುವ ಸಿದ್ಧತೆ. ಅದು ಕಟ್ಟೆಯ ಮೇಲೆ ಕುಳಿತವನಿಗೆ ಸಾಕು. ಗಾಡಿ ಓಡಿಸುವವನಿಗೆ ಯಾಕೆ ಸಾಲದು, ಏನು ಮಾಡಿದರೆ ಸಾಕಾಗುತ್ತದೆ ಎಂಬುದೇ ಈ ಲೇಖನದ ವಿಷಯ.

ಥಂಡಿಯ ಕಾರಣ

ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿಗಿಂತ 300 ಮೀಟರಿಗೂ ಹೆಚ್ಚು ಕೆಳಗಿದ್ದರೂ ರಾಜ್ಯದ ಅತಿ ಕಡಿಮೆ ಉಷ್ಣಾಂಶದ ಸುದ್ದಿಯಲ್ಲಿ ಬೀದರ್ ಜೊತೆ ಇದರ ಹೆಸರು ಮತ್ತೆ ಮತ್ತೆ ಬರುತ್ತದೆ. ಕಾರಣ ಎತ್ತರದ್ದಲ್ಲ, ಒಣ ಗಾಳಿಯದು. ಹಿಂಗಾರು ಮುಗಿದ ಮೇಲೆ ಈಶಾನ್ಯ ದಿಕ್ಕಿನಿಂದ ಒಣಗಾಳಿ ಬೀಸುತ್ತದೆ, ಆಕಾಶ ತಿಳಿಯಾಗುತ್ತದೆ. ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುವಾಗ ತಡೆಯಲು ಮೋಡವಿಲ್ಲ, ತೇವವೂ ಇಲ್ಲ. ಮಧ್ಯಾಹ್ನ 29–30 ಡಿಗ್ರಿ ಸೆಲ್ಸಿಯಸ್ ಇದ್ದ ಗಾಳಿ ಮರುದಿನ ನಸುಕಿಗೆ 15ರ ಸುಮಾರಿಗೆ ಇಳಿಯುವುದು ಜನವರಿಯ ಸಾಮಾನ್ಯ ಲೆಕ್ಕ. ಥಂಡಿ ಬಿಗಿದ ದಿನಗಳಲ್ಲಿ ಅದು 10ರ ಕೆಳಗೂ ಹೋಗುತ್ತದೆ. ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕೂ ಕಡಿಮೆಯಾಗಿ, ವಾಡಿಕೆಗಿಂತ 4.5 ಡಿಗ್ರಿಯಷ್ಟು ಕುಸಿದರೆ ಭಾರತೀಯ ಹವಾಮಾನ ಇಲಾಖೆ ಅದನ್ನು ಶೀತ ಅಲೆ ಎಂದು ಸಾರುತ್ತದೆ.

ಇದೇ ಬಯಲಿನೊಳಗೂ ಥಂಡಿ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ತಣ್ಣಗಾದ ಗಾಳಿ ಭಾರವಾದ್ದರಿಂದ ಇಳಿಜಾರು ಹಿಡಿದು ತಗ್ಗಿಗೆ ಹರಿದು ಅಲ್ಲಿಯೇ ನಿಲ್ಲುತ್ತದೆ. ಕೆರೆಯ ಕೆಳಗಿನ ತಗ್ಗು, ಹಳ್ಳದ ದಾಟು, ಬಬಲೇಶ್ವರ ಕಡೆಯ ದಾರಿಯಲ್ಲಿ ಸಾರವಾಡದ ಬಳಿಯ ಡೋಣಿ ನದಿ ಕಣಿವೆಯಂಥ ಜಾಗಗಳಲ್ಲಿ ಒಮ್ಮೆಲೇ ತಣ್ಣೀರಿಗೆ ಇಳಿದ ಅನುಭವ ಆಗುವುದು ಇದರಿಂದ. ಏರು ಹತ್ತಿದೊಡನೆ ಅದು ಹೋಗುತ್ತದೆ. ನಗರಕ್ಕೆ ಕುಡಿಯುವ ನೀರು ಕೊಡುತ್ತ ಬಂದ ಭೂತನಾಳ ಕೆರೆಯ ಸುತ್ತ ಬೆಳಗಿನ ವಾಯುವಿಹಾರಕ್ಕೆ ಗಾಡಿಯಲ್ಲಿ ಹೋಗುವವರಿಗೂ ಇದು ಹೊಸದಲ್ಲ: ಊರೊಳಗಿನ ಗೋಡೆಗಳ ನಡುವೆ ಇದ್ದ ಬಿಸುಪು ಕೆರೆಯ ಬಯಲಿಗೆ ಬಂದಾಗ ಇರುವುದಿಲ್ಲ.

ಅತಿ ಹೆಚ್ಚು ಥಂಡಿ ನಡುರಾತ್ರಿಯಲ್ಲಿರುತ್ತದೆ ಎಂಬ ಎಣಿಕೆ ತಪ್ಪು. ನೆಲ ಸೂರ್ಯ ಹುಟ್ಟುವವರೆಗೂ ಶಾಖ ಕಳೆದುಕೊಳ್ಳುತ್ತಲೇ ಇರುತ್ತದೆ. ಜನವರಿಯಲ್ಲಿ ಇಲ್ಲಿ ಹೊತ್ತು ಹುಟ್ಟುವುದು ಏಳರ ಸುಮಾರಿಗೆ. ಅದರ ಆಚೀಚೆಯ ಅರ್ಧ ತಾಸೇ ದಿನದ ಕಡುಚಳಿ. ಹೊತ್ತೇರಿದ ಮೇಲೆ ಗಾಳಿ ಬೇಗ ಕಾಯುತ್ತದೆ. ಎಂಟೂವರೆಗೆ ಹೊರಡಬಹುದಾದವನು ಆರೂವರೆಗೆ ಹೊರಡದಿದ್ದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಆದರೆ ಆರೂವರೆಗೆ ಹೊರಡುವವರಲ್ಲಿ ಹೆಚ್ಚಿನವರಿಗೆ ಆ ಆಯ್ಕೆ ಇಲ್ಲ.

ನಸುಕಿನ ಸವಾರರು

ಹಾಲಿನ ಕ್ಯಾನು ಕಟ್ಟಿಕೊಂಡು ಊರಿಗೆ ಬರುವವರು, ಎಪಿಎಂಸಿಗೂ ಕಾಯಿಪಲ್ಲೆ ಸವಾಲಿಗೂ ಹೋಗುವವರು, ಪತ್ರಿಕೆ ಹಂಚುವವರು, ಪಾಳಿ ಕೆಲಸದವರು, ಹಳ್ಳಿಯ ಶಾಲೆಗೆ ಬೇರೆ ಊರಿಂದ ಬರುವ ಶಿಕ್ಷಕರು ಈ ಗುಂಪಿನವರು. ತಿಕೋಟಾ ಭಾಗದಲ್ಲಿ ದ್ರಾಕ್ಷಿ ತೋಟದವರೂ ಇದ್ದಾರೆ. ಅಕ್ಟೋಬರ್ ಸುಮಾರಿಗೆ ಚಾಟಣಿ ಮಾಡಿದ, ಅಂದರೆ ರೆಂಬೆ ಸವರಿದ, ಬಳ್ಳಿ ಕಾಯಿ ಕಟ್ಟುವ ಕಾಲವೇ ಚಳಿಗಾಲ. ಇಬ್ಬನಿ ಬಿದ್ದ ಮುಂಜಾನೆ ಎಲೆ ತಿರುವಿ ರೋಗ ನೋಡದೆ ತೋಟಗಾರನಿಗೆ ಸಮಾಧಾನವಿಲ್ಲ. ಎಲ್ಲರಿಗಿಂತ ಕಷ್ಟದ ಸವಾರಿ ರಾತ್ರಿ ನೀರು ಹಾಯಿಸುವವರದು. ಪಂಪಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಊರಿಂದ ತೋಟದ ವಸ್ತಿಗೆ ಆ ಹೊತ್ತಿನಲ್ಲೇ ಹೋಗಬೇಕು, ಬದುವಿನಲ್ಲಿ ಮೊಣಕಾಲವರೆಗೆ ನೆನೆಯಬೇಕು, ನೆನೆದ ಕಾಲಿನಲ್ಲೇ ಗಾಡಿ ಹತ್ತಿ ಮರಳಬೇಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ಅದರ ಮೇಲೆ ಗಾಳಿ ಬೀಸಿ ಒಣಗಿಸುವಾಗ ಆವಿಯಾಗುವ ಪ್ರತಿ ಹನಿಯೂ ಮೈಯ ಶಾಖ ಒಯ್ಯುತ್ತದೆ. ಇಂಥವರಿಗೆ ಸಾವಿರಾರು ರೂಪಾಯಿಯ ಜಾಕೆಟ್‌ಗಿಂತ ವಸ್ತಿಯಲ್ಲಿ ಇಟ್ಟ ಒಂದು ಜೊತೆ ಒಣ ಪ್ಯಾಂಟು, ಕಾಲುಚೀಲ ಹೆಚ್ಚು ಕೆಲಸಕ್ಕೆ ಬರುತ್ತವೆ.

ಹಬ್ಬದ ಓಡಾಟವೂ ಈ ಕಾಲದ್ದೇ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಕುಟುಂಬಗಳು ಒಂದು ಕಾಲಕ್ಕೆ ಸವಾರಿ ಬಂಡಿ ಹೂಡುತ್ತಿದ್ದವು. ಈಗ ಬುತ್ತಿಗಂಟು ಗಾಡಿಯ ಹ್ಯಾಂಡಲಿಗೆ ತೂಗುತ್ತದೆ. ಸಂಕ್ರಮಣಕ್ಕೆ ವಿಜಯಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವುದನ್ನು ನೋಡಿ ರಾತ್ರಿ ಹಳ್ಳಿಗೆ ಮರಳುವವರು ಹಗಲಿನ ತೆಳು ಅಂಗಿಯಲ್ಲೇ ಮರಳುತ್ತಾರೆ. ಬಂದಾಗ ಬಿಸಿಲಿತ್ತಲ್ಲ!

ಗಾಳಿಯ ಲೆಕ್ಕ

ಮೈಗೆ ಅಂಟಿಕೊಂಡಂತೆ ಬೆಚ್ಚನೆಯ ಗಾಳಿಯ ತೆಳು ಪದರವೊಂದು ಸದಾ ಇರುತ್ತದೆ. ನಿಂತ ಗಾಳಿಯಲ್ಲಿ ಅದೇ ನಮ್ಮ ಮೊದಲ ಹೊದಿಕೆ. ಬೀಸುವ ಗಾಳಿ ಅದನ್ನು ಕಿತ್ತೊಯ್ಯುತ್ತದೆ. ಇದನ್ನು ಅಳತೆಗೆ ತಂದವರು ಅಂಟಾರ್ಕ್ಟಿಕಾದಲ್ಲಿದ್ದ ಅಮೆರಿಕದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್. ಗಾಳಿಗೆ ತೂಗುಹಾಕಿದ ಸಿಲಿಂಡರಿನ ನೀರು ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ಅವರು ಅಳೆದರು. ಫಲಿತಾಂಶ ಸೂತ್ರದ ರೂಪದಲ್ಲಿ 1945ರಲ್ಲಿ ಪ್ರಕಟವಾಯಿತು. 2001ರಲ್ಲಿ ಅಮೆರಿಕ ಮತ್ತು ಕೆನಡಾ ಆ ಸೂತ್ರವನ್ನು ಮನುಷ್ಯರ ಮುಖದ ಮೇಲಿನ ಪ್ರಯೋಗಗಳಿಂದ ತಿದ್ದಿ ಹೊಸದು ಮಾಡಿದವು.

ಆ ಹೊಸ ಸೂತ್ರವನ್ನು ನಮ್ಮ ರಸ್ತೆಗೆ ಹಚ್ಚಿ ನೋಡಬಹುದು. ಗಾಳಿಯ ಉಷ್ಣಾಂಶ 10 ಡಿಗ್ರಿ ಇದ್ದಾಗ ಗಂಟೆಗೆ 20 ಕಿ.ಮೀ. ವೇಗದಲ್ಲಿ ತೆರೆದ ಚರ್ಮಕ್ಕೆ ಅದು 7 ಡಿಗ್ರಿಯಂತೆ ತಾಗುತ್ತದೆ. 40ಕ್ಕೆ 6, 60ಕ್ಕೆ 5, 80ಕ್ಕೆ 4. ಗಾಳಿ 6 ಡಿಗ್ರಿ ಇದ್ದ ಮುಂಜಾನೆ 60ರಲ್ಲಿ ಹೋದರೆ ಸೊನ್ನೆಯ ಸುಮಾರು. ಸೂತ್ರ ಹೇಳುವ ವೇಗ ನೆಲದಿಂದ 10 ಮೀಟರ್ ಎತ್ತರದಲ್ಲಿ ಅಳೆದದ್ದು. ಸವಾರನಿಗೆ ಪೂರ್ತಿ ಗಾಳಿ ಎದೆಗೇ ಬಡಿಯುವುದರಿಂದ ಇನ್ನೊಂದು ಡಿಗ್ರಿ ಕಳೆದುಕೊಂಡರೂ ತಪ್ಪಿಲ್ಲ.

ಈ ಅಂಕಿಗಳಲ್ಲಿ ಗಮನಿಸಬೇಕಾದ್ದು ಇಷ್ಟು. ಮೊದಲ 20 ಕಿ.ಮೀ. ವೇಗವೇ ಮೂರು ಡಿಗ್ರಿ ಕಸಿದುಕೊಳ್ಳುತ್ತದೆ, ಆಮೇಲಿನ ಪ್ರತಿ 20ಕ್ಕೆ ಹೋಗುವುದು ಒಂದೊಂದೇ ಡಿಗ್ರಿ. ಹಾಗಾದರೆ ಥಂಡಿಗೆ ಹೆದರಿ 60ರಿಂದ 40ಕ್ಕೆ ಇಳಿಸುವುದರಲ್ಲಿ ಬಿಸುಪಿನ ಲಾಭ ಕಡಿಮೆ. ಗಾಳಿಯಲ್ಲಿ ಇರಬೇಕಾದ ಹೊತ್ತು ಮಾತ್ರ ಒಂದೂವರೆ ಪಟ್ಟಾಗುತ್ತದೆ. ನಿಧಾನ ಹೋಗಲು ಕತ್ತಲು, ಮಂಜು, ಮರಗಟ್ಟಿದ ಕೈ ಮುಂತಾದ ಬೇರೆ ಒಳ್ಳೆಯ ಕಾರಣಗಳಿವೆ. ಥಂಡಿ ಆ ಪಟ್ಟಿಯಲ್ಲಿ ಕೊನೆಯದು. ಗಾಳಿ ಚರ್ಮಕ್ಕೆ ತಾಗದಂತೆ ತಡೆದರೆ ಈ ಲೆಕ್ಕವೇ ಇಲ್ಲವಾಗುತ್ತದೆ.

ಇನ್ನೊಂದು ಸಂಗತಿ: ಸುಮ್ಮನೆ ಕುಳಿತ ಮನುಷ್ಯನ ಮೈ ಹುಟ್ಟಿಸುವ ಶಾಖ ಸುಮಾರು 100 ವ್ಯಾಟ್, ಒಂದು ಹಳೆಯ ಬಲ್ಬಿನಷ್ಟು. ಸೈಕಲ್ ತುಳಿಯುವವನು ಅದರ ಹಲವು ಪಟ್ಟು ಹುಟ್ಟಿಸುತ್ತಾನೆ. ಬೈಕಿನವನಿಗೆ ವೇಗ ಸೈಕಲಿನ ಮೂರು ಪಟ್ಟು, ದುಡಿಮೆ ಮಾತ್ರ ಇಲ್ಲ. ನಡುಕ ಎಂದರೆ ಈ ಕೊರತೆ ತುಂಬಲು ಸ್ನಾಯುಗಳು ತಾವಾಗಿ ಮಾಡುವ ಕೆಲಸ.

ಕಂಬಳಿಯಿಂದ ಜರ್ಕಿನ್‌ವರೆಗೆ

ಈ ಸೀಮೆಯ ಹಳೆಯ ಚಳಿಯುಡುಪು ಕಂಬಳಿ. ದಖ್ಖನಿ ಕುರಿಯ ಒರಟು ಕರಿ ಉಣ್ಣೆಯಿಂದ ಕುರುಬ ಸಮುದಾಯದವರು ನೇಯುವ ಇದರ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಅದರಿಂದ ನೇಯ್ಗೆ ಬಿಗಿಯಾಗಿ, ಗಾಳಿ ಮಳೆ ಎರಡೂ ಬೇಗ ಒಳನುಗ್ಗವು. ಕೊಪ್ಪೆ ಹಾಕಿಕೊಂಡು ಕುಳಿತ ಬಂಡಿಯವನಿಗೆ ಇಡೀ ರಾತ್ರಿಯ ದಾರಿಗೆ ಅದೊಂದು ಸಾಕಿತ್ತು. ಮೋಟಾರ್ ಸೈಕಲ್ ಬಂದಾಗ ಕಂಬಳಿ ಹಿಂದೆ ಸರಿಯಿತು. ಭಾರ ಅದಕ್ಕೊಂದು ಕಾರಣ. ದೊಡ್ಡ ಕಾರಣ ಅದರ ಬಿಡಿ ಅಂಚು. ಗಾಳಿಗೆ ಹಾರುವ, ಚಕ್ರಕ್ಕೆ ಸಿಗುವ ಯಾವ ಹೊದಿಕೆಯೂ ಗಾಡಿಯ ಮೇಲೆ ಅಪಾಯವೇ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮಾಡಿದ ಜಾವಾ, ಯೆಜ್ಡಿ ಗಾಡಿಗಳು, ಬುಲೆಟ್, ರಾಜದೂತ್ ಇವೆಲ್ಲ ಹಳ್ಳಿಗಳಲ್ಲಿ ಉಳ್ಳವರ ಮನೆಯ ಗಾಡಿಗಳಾಗಿದ್ದವು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100, 1994ರ ಸ್ಪ್ಲೆಂಡರ್ ಮತ್ತು ಅವುಗಳ ಸಂತತಿ ನಸುಕಿನ ಸವಾರಿಯನ್ನು ಎಲ್ಲರ ಮನೆಗೂ ತಂದವು. ಅವುಗಳ ಜೊತೆ ಬಂದ ಉಡುಪು ಸ್ವೆಟರ್, ಮಫ್ಲರ್, ಮಂಕಿ ಕ್ಯಾಪ್, ಜರ್ಕಿನ್. ಉತ್ತರ ಕರ್ನಾಟಕದ ಊರುಗಳಲ್ಲಿ ಚಳಿಗಾಲಕ್ಕೆ ರಸ್ತೆ ಬದಿ ಉಣ್ಣೆ ಬಟ್ಟೆಯ ಸಾಲು ಅಂಗಡಿ ಹಾಕುವವರಲ್ಲಿ ಟಿಬೆಟನ್ನರು ಮೊದಲಿನಿಂದಲೂ ಇದ್ದಾರೆ. 1960ರ ದಶಕದಲ್ಲಿ ಮುಂಡಗೋಡ, ಬೈಲಕುಪ್ಪೆಗಳಲ್ಲಿ ನೆಲೆ ಪಡೆದ ಈ ಸಮುದಾಯಕ್ಕೆ ಸ್ವೆಟರ್ ವ್ಯಾಪಾರ ಚಳಿಗಾಲದ ಮುಖ್ಯ ಜೀವನೋಪಾಯ. ಮಾಲು ಹೆಚ್ಚಾಗಿ ಪಂಜಾಬಿನ ಲುಧಿಯಾನದ್ದು.

ಸ್ವೆಟರ್ ಒಳ್ಳೆಯ ಉಡುಪೇ. ಆದರೆ ಹೆಣಿಗೆಯ ಕಣ್ಣು ಕಣ್ಣಿನಲ್ಲೂ ಗಾಳಿ ನುಗ್ಗುತ್ತದೆ. ಅದರ ಬಿಸುಪು ಉಣ್ಣೆಯದಲ್ಲ, ಉಣ್ಣೆ ಹಿಡಿದಿಟ್ಟ ಗಾಳಿಯದು. 50ರ ವೇಗದಲ್ಲಿ ಆ ಗಾಳಿ ಹೊರಹೋದರೆ ಉಳಿಯುವುದು ಮೈಮೇಲಿನ ಭಾರ ಮಾತ್ರ. ಅಂಗಿಯ ಮೇಲೆ ಸ್ವೆಟರ್, ಸ್ವೆಟರ್ ಮೇಲೆ ಮತ್ತೊಂದು ಸ್ವೆಟರ್ ಹಾಕಿ ಇನ್ನೂ ನಡುಗುವವರು ರಸ್ತೆಯಲ್ಲಿ ಬೇಕಾದಷ್ಟು ಸಿಗುತ್ತಾರೆ. ಅದೇ ಒಂದು ಸ್ವೆಟರ್ ಮೇಲೆ ಗಾಳಿ ಹಾಯದ ತೆಳು ರೇನ್‌ಕೋಟು ಅಥವಾ ಹಗುರ ಜರ್ಕಿನ್ ಇದ್ದರೆ ಸಾಕಾಗುತ್ತದೆ. ಹಳೆ ಸೀರೆ ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ ಬೆಚ್ಚಗಿರುವುದೂ ಇದೇ ಗುಟ್ಟಿನಿಂದ: ಪದರಗಳ ನಡುವೆ ಗಾಳಿ, ಹೊರಗೆ ಒತ್ತಾದ ಬಟ್ಟೆ. ಮಳೆಗಾಲ ಮುಗಿದ ಮೇಲೆ ಅಟ್ಟ ಸೇರುವ ರೇನ್‌ಕೋಟು ಜನವರಿಯಲ್ಲೂ ದುಡಿಯಬಲ್ಲದು ಎಂಬುದು ಇಲ್ಲಿ ಅನೇಕರಿಗೆ ಹೊಳೆಯದ ಸಂಗತಿ. ಬೆವರು ಒಳಗೇ ನಿಲ್ಲುತ್ತದೆ ಎಂಬ ದೂರು ನಿಜ. ಆದರೆ ನಸುಕಿನ ಅರ್ಧ ತಾಸಿನ ಸವಾರಿಯಲ್ಲಿ ಬೆವರುವವರು ಯಾರು?

ಹೊರಜಗತ್ತಿನಲ್ಲೂ ಸವಾರಿ ಉಡುಪಿನ ಇತಿಹಾಸ ಮುಖ್ಯವಾಗಿ ಗಾಳಿ ತಡೆಯುವ ಇತಿಹಾಸವೇ. ಮೊದಲ ಮಹಾಯುದ್ಧದಲ್ಲಿ ಟ್ರಯಂಫ್ ಮೋಟಾರ್ ಸೈಕಲ್ ಮೇಲೆ ಸಂದೇಶ ಒಯ್ಯುತ್ತಿದ್ದ ಬ್ರಿಟಿಷ್ ಸೈನಿಕರು ಉದ್ದ ಕೋಟು, ಮೊಣಕೈವರೆಗಿನ ಚರ್ಮದ ಕೈಗವಸು ಹಾಕುತ್ತಿದ್ದರು. 1928ರಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಶಾಟ್ ಓರೆ ಜಿಪ್ಪಿನ ಚರ್ಮದ ಜಾಕೆಟ್ ಮಾಡಿದ. ಜಿಪ್ಪು ನೇರವಾಗಿ ಎದೆಯ ನಡುವೆ ಬರದೆ ಒಂದು ಬದಿಗಿದ್ದು, ಒಂದು ಮಗ್ಗುಲು ಇನ್ನೊಂದರ ಮೇಲೆ ಮಡಚಿಕೊಳ್ಳುವುದರಿಂದ ಗಾಳಿಗೆ ಸಂದು ಸಿಗುವುದಿಲ್ಲ. 1936ರಲ್ಲಿ ಇಂಗ್ಲೆಂಡಿನ ಬಾರ್ಬರ್ ಕಂಪನಿ ಮೇಣ ಹಚ್ಚಿದ ಹತ್ತಿಬಟ್ಟೆಯ ಸವಾರಿ ಉಡುಪು ತಂದಿತು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಝಟ್ಟನೆ ಎಳೆದು, ಬೆವರಿನ ಆವಿ ಹೋಗಬಲ್ಲ, ನೀರು ಹೊಗದ ಪೊರೆ ಪಡೆದ. ಇಂದಿನ ದುಬಾರಿ ರೈಡಿಂಗ್ ಜಾಕೆಟ್‌ಗಳ ಒಳಗೆ ಇರುವುದು ಅಂಥ ಪೊರೆ. ಯುರೋಪಿನ ಸೈಕಲ್ ಪಂದ್ಯಗಾರರಂತೂ ಬೆಟ್ಟ ಇಳಿಯುವ ಮೊದಲು ಅಂಗಿಯೊಳಗೆ ಎದೆಗೆ ನ್ಯೂಸ್‌ಪೇಪರ್ ತುರುಕಿಕೊಳ್ಳುತ್ತಿದ್ದರು. ಖರ್ಚಿಲ್ಲದ ಆ ಉಪಾಯ ನಮ್ಮ ಹಾಲಿನವರಿಗೂ ನಡೆಯುತ್ತದೆ. ಇಳಿದ ಮೇಲೆ ತೆಗೆದು ಓದಲೂಬಹುದು.

ಲಡಾಖ್ ಪ್ರವಾಸಕ್ಕೆಂದು ಮಾಡಿದ ದಪ್ಪ ಜಾಕೆಟ್ ಕೊಂಡು ವಿಜಯಪುರದಲ್ಲಿ ದಿನಾ ಹಾಕಬಹುದೆಂದುಕೊಂಡವರಿಗೆ ಬೇರೆಯೇ ತೊಂದರೆ. ಆರಕ್ಕೆ ಬೇಕಾದದ್ದು ಹನ್ನೊಂದಕ್ಕೆ ಬೇಡ. ಮಧ್ಯಾಹ್ನ 30 ಡಿಗ್ರಿಯಲ್ಲಿ ಅದನ್ನು ಎಲ್ಲಿಡುವುದು? ಹಗಲು ರಾತ್ರಿಯ ಅಂತರ ಇಷ್ಟು ದೊಡ್ಡದಿರುವ ಸೀಮೆಯಲ್ಲಿ ಬಿಚ್ಚಿ ಮಡಚಿ ಸೀಟಿನ ಬದಿಯ ಚೀಲಕ್ಕೆ ಹಾಕಬಹುದಾದ ಎರಡು ತೆಳು ಉಡುಪು ಒಂದು ದಪ್ಪ ಉಡುಪಿಗಿಂತ ಮೇಲು.

ಕೈ

ಥಂಡಿಯಲ್ಲಿ ಮೊದಲು ಕೈಬಿಡುವುದು ಕೈಯೇ. ಮೈ ತಣ್ಣಗಾಗುತ್ತ ಬಂದಂತೆ ಎದೆ ಹೊಟ್ಟೆಯ ಅಂಗಗಳನ್ನು ಕಾಯಲೆಂದು ದೇಹ ಬೆರಳಿನ ರಕ್ತನಾಳಗಳನ್ನು ಬಿಗಿದುಕೊಳ್ಳುತ್ತದೆ. ರಕ್ತ ಬಾರದ ಬೆರಳಿಗೆ ಶಾಖವೂ ಬಾರದು. ಬೈಕಿನ ಮೇಲೆ ಆ ಬೆರಳು ಎಲ್ಲಕ್ಕಿಂತ ಮುಂದೆ ಗಾಳಿಗೆ ಚಾಚಿಕೊಂಡಿರುತ್ತದೆ, ಹಿಡಿದದ್ದು ಲೋಹದ ಕ್ಲಚ್ಚು ಬ್ರೇಕು. ಬೆರಳ ಚರ್ಮ ಸುಮಾರು 15 ಡಿಗ್ರಿಗಿಂತ ತಣ್ಣಗಾದರೆ ಚುರುಕು ಕಡಿಮೆಯಾಗುತ್ತದೆ. 8ರ ಸುಮಾರಿಗೆ ಸ್ಪರ್ಶಜ್ಞಾನವೇ ಮಂಕಾಗುತ್ತದೆ. 60 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮರಗಟ್ಟಿದ ಬೆರಳು ಬ್ರೇಕ್ ಹಿಡಿಯಲು ಅರ್ಧ ಸೆಕೆಂಡ್ ತಡಮಾಡಿದರೆ ಗಾಡಿ 8 ಮೀಟರ್ ಮುಂದೆ ಹೋಗಿರುತ್ತದೆ. ಆದ್ದರಿಂದ ಕೈಗವಸನ್ನು ಸುಖದ ವಸ್ತು ಎನ್ನುವುದಕ್ಕಿಂತ ಬ್ರೇಕಿನ ಒಂದು ಭಾಗ ಎಂದು ಎಣಿಸುವುದೇ ಸರಿ.

ಅಂಗಡಿಯಲ್ಲಿ ಸಿಗುವ ಹೆಣೆದ ಉಣ್ಣೆ ಗ್ಲೌಸ್ ಸ್ವೆಟರಿನಂತೆಯೇ ಗಾಳಿ ಬಿಡುತ್ತದೆ, ಹ್ಯಾಂಡಲ್ ಮೇಲೆ ಜಾರುತ್ತದೆ ಕೂಡ. ಬೆರಳ ತುದಿ ಕತ್ತರಿಸಿದ ಗ್ಲೌಸ್ ನೋಟಕ್ಕೆ ಮಾತ್ರ. ಚರ್ಮದ್ದೋ ರೆಕ್ಸಿನ್ನಿನದೋ ಹೊರಮೈ ಇದ್ದು, ಒಳಗೆ ಅಸ್ತರಿದ್ದು, ಮಣಿಕಟ್ಟು ದಾಟಿ ಜರ್ಕಿನ್ ತೋಳನ್ನು ಮುಚ್ಚುವಂಥದ್ದು ಬೇಕು. ತೋಳಿನ ಸಂದಿಯಿಂದ ಒಳಹೊಕ್ಕ ಗಾಳಿ ಕಂಕುಳವರೆಗೂ ಹೋಗುತ್ತದೆ. ಬಿಗಿ ಗ್ಲೌಸ್ ಕೊಳ್ಳಬಾರದು: ಬಿಗಿತ ರಕ್ತ ತಡೆಯುತ್ತದೆ, ಒಳಗೆ ಗಾಳಿಗೆ ಎಡೆಯೂ ಇರುವುದಿಲ್ಲ. ಹಾಕಿಕೊಂಡು ಇಂಡಿಕೇಟರ್ ಒತ್ತಿ ನೋಡಿ, ಒತ್ತಲು ಬಂದರೆ ಕೊಳ್ಳಬೇಕು. ಬೇರೇನೂ ಇಲ್ಲದಾಗ ಉಣ್ಣೆ ಗ್ಲೌಸಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುವವರಿದ್ದಾರೆ. ಗಾಳಿ ನಿಲ್ಲುತ್ತದೆ, ಹಿಡಿತವೂ ಹೋಗುತ್ತದೆ. ಚೀಲವನ್ನು ಎರಡು ಗ್ಲೌಸಿನ ನಡುವೆ ಹಾಕಿದರೆ ಅಷ್ಟು ತೊಂದರೆಯಿಲ್ಲ.

ಜಪಾನ್, ಚೀನಾ, ಕೊರಿಯಾಗಳಲ್ಲಿ ಸರಕು ತಲುಪಿಸುವ ಸವಾರರು ಹ್ಯಾಂಡಲಿಗೇ ದೊಡ್ಡ ಗವಸು ತೊಡಿಸಿ ಅದರೊಳಗೆ ಕೈ ಹಾಕುತ್ತಾರೆ. ಕೈಗೆ ತೊಡುವುದಕ್ಕಿಂತ ಅದು ಬೆಚ್ಚಗೆ. ರೆಕ್ಸಿನ್ ಹೊಲಿಯುವ ಸೀಟ್ ಕವರ್ ಅಂಗಡಿಯವರು ಇಂಥದನ್ನು ಸುಲಭವಾಗಿ ಮಾಡಿಕೊಡಬಲ್ಲರು. ಕೈ ಸಲೀಸಾಗಿ ಒಳಹೋಗಿ ಹೊರಬರುವಷ್ಟು ಬಾಯಿ ಅಗಲವಿರಲಿ, ಬಟ್ಟೆ ಲಿವರನ್ನು ಒತ್ತದಿರಲಿ. ದುಬಾರಿ ಗಾಡಿಗಳಲ್ಲಿ ವಿದ್ಯುತ್ತಿನಿಂದ ಕಾಯುವ ಹಿಡಿಕೆ ಇರುತ್ತವೆ; ಕಾಯುವ ಜಾಕೆಟ್ಟುಗಳೂ ಇವೆ. ಅಂಥ ಜಾಕೆಟ್ ಒಂದಕ್ಕೇ 70ರಿಂದ 100 ವ್ಯಾಟ್ ಬೇಕು. ದೀಪಕ್ಕೆ, ಬ್ಯಾಟರಿಗೆ ಸಾಕಾಗುವಷ್ಟು ಕರೆಂಟು ಮಾಡುವ 100 ಸಿಸಿ ಗಾಡಿಗೆ ಇದು ಹೊಂದದು.

ಕೈ ಬೆಚ್ಚಗಿಡುವ ಉಪಾಯ ಎದೆಯಲ್ಲೂ ಇದೆ. ಎದೆ ಕುತ್ತಿಗೆ ಬೆಚ್ಚಗಿದ್ದರೆ ದೇಹ ಬೆರಳಿಗೆ ರಕ್ತ ಬಿಡುತ್ತದೆ. ದಪ್ಪ ಗ್ಲೌಸ್ ಹಾಕಿ ಎದೆಗುಂಡಿ ಬಿಚ್ಚಿಕೊಂಡು ಹೋಗುವವನ ಕೈ ಕಾಯುವುದಿಲ್ಲ. ನಿಲ್ಲಿಸಿದಾಗ ಕೈಯನ್ನು ಎಂಜಿನ್ನಿಗೆ, ಸೈಲೆನ್ಸರಿಗೆ ಹಿಡಿಯುವ ರೂಢಿಯಂತೂ ಕೆಟ್ಟದ್ದು. ಸ್ಪರ್ಶ ಸತ್ತ ಬೆರಳಿಗೆ ಸುಟ್ಟದ್ದೂ ಗೊತ್ತಾಗದು. ಕಂಕುಳಲ್ಲಿ ಕೈ ಇಟ್ಟುಕೊಂಡರೆ ಸಾಕು.

ತಲೆ, ಕಿವಿ, ಕುತ್ತಿಗೆ

ತಲೆಗೆ ಮಫ್ಲರ್ ಸುತ್ತಿ ಹೆಲ್ಮೆಟ್ಟನ್ನು ಟ್ಯಾಂಕ್ ಮೇಲಿಟ್ಟುಕೊಂಡು ಹೋಗುವ ದೃಶ್ಯ ಈ ಭಾಗದಲ್ಲಿ ಸಾಮಾನ್ಯ. ವಿಚಿತ್ರವೆಂದರೆ ಮುಖಪೂರ್ತಿ ಮುಚ್ಚುವ ಹೆಲ್ಮೆಟ್ ಯಾವ ಮಫ್ಲರಿಗಿಂತಲೂ ಬೆಚ್ಚಗೆ: ಒಳಗೆ ಥರ್ಮಾಕೋಲ್ ಜಾತಿಯ ದಪ್ಪ ಪದರ, ಹೊರಗೆ ಗಾಳಿ ಹಾಯದ ಚಿಪ್ಪು. 1988ರ ಮೋಟಾರು ವಾಹನ ಕಾಯಿದೆಯ 129ನೇ ಕಲಂ ಹೆಲ್ಮೆಟ್ ಕಡ್ಡಾಯ ಮಾಡಿದೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ 2016ರ ಜನವರಿಯಿಂದ ಕಡ್ಡಾಯ. ಬೇಸಿಗೆಯಲ್ಲಿ ಸೆಕೆಯ ನೆಪ ಹೇಳುವವರು ಚಳಿಗಾಲದಲ್ಲಿ ಬೇರೆ ನೆಪ ಹುಡುಕಬೇಕಾಗುತ್ತದೆ. ಮಂಕಿ ಕ್ಯಾಪಿನ ಮೇಲೆ ಹೆಲ್ಮೆಟ್ ಹಾಕುವುದಾದರೆ ಕ್ಯಾಪ್ ತೆಳುವಾಗಿರಬೇಕು. ದಪ್ಪ ಮಫ್ಲರಿನ ಮೇಲೆ ಹೇರಿದ ಹೆಲ್ಮೆಟ್ ಬಿದ್ದಾಗ ತಲೆಯಿಂದ ಕಳಚಿ ಹೋಗುತ್ತದೆ.

ಉಸಿರಿನ ಆವಿ ತಣ್ಣನೆಯ ಗಾಜಿಗೆ ತಾಗಿ ಮಬ್ಬಾಗುವುದು ಮುಚ್ಚಿದ ಹೆಲ್ಮೆಟ್ಟಿನ ನಿಜವಾದ ತೊಂದರೆ. ಗಾಜನ್ನು ಒಂದು ಗೆರೆಯಷ್ಟು ತೆರೆಯುವುದು, ಮೂಗಿನ ಮೇಲೆ ಕರ್ಚೀಫು ಕಟ್ಟಿ ಉಸಿರು ಕೆಳಮುಖವಾಗಿ ಹೋಗುವಂತೆ ಮಾಡುವುದು, ಒಳಗಾಜಿಗೆ ಸೋಪಿನ ತೆಳು ಲೇಪ ಒರೆಸುವುದು ರೂಢಿಯ ಪರಿಹಾರಗಳು. ತಿಕೋಟಾ ಕಡೆಯಿಂದ ನಗರಕ್ಕೆ ಮುಂಜಾನೆ ಬರುವವರು ಪೂರ್ವಕ್ಕೆ ಮುಖ ಮಾಡಿರುತ್ತಾರೆ. ಆಗ ತಾನೇ ಹುಟ್ಟಿದ ಸೂರ್ಯನ ಬೆಳಕು ಮಬ್ಬು ಗಾಜಿಗೆ ಬಿದ್ದರೆ ಎದುರಿನದೇನೂ ಕಾಣದು. ಅಂಥಲ್ಲಿ ನಿಲ್ಲಿಸಿ ಒರೆಸಿಕೊಳ್ಳುವುದೇ ಜಾಣತನ.

ಕಿವಿಗೆ ಥಂಡಿ ಗಾಳಿ ಹೊಕ್ಕರೆ ಬಾಯಿ ಸೊಟ್ಟಾಗುತ್ತದೆ ಎಂಬ ನಂಬಿಕೆ ಇಲ್ಲಿ ಗಟ್ಟಿಯಾಗಿದೆ, ಹತ್ತಿ ತುರುಕಿಕೊಳ್ಳುವವರೂ ಇದ್ದಾರೆ. ಮುಖದ ಒಂದು ಬದಿ ಇದ್ದಕ್ಕಿದ್ದಂತೆ ಸೋಲುವ ಈ ತೊಂದರೆಗೆ ವೈದ್ಯರು ಬೆಲ್ಸ್ ಪಾಲ್ಸಿ ಎನ್ನುತ್ತಾರೆ. ಮುಖದ ನರದ ಉರಿಯೂತದಿಂದ ಅದು ಆಗುತ್ತದೆ; ಹರ್ಪಿಸ್ ಜಾತಿಯ ವೈರಸ್ ಮೇಲೆ ಹೆಚ್ಚಿನ ಶಂಕೆ. ಗಾಳಿಯೇ ಕಾರಣ ಎಂಬುದು ಸಿದ್ಧವಾಗಿಲ್ಲ. ಕಿವಿ ಮುಚ್ಚಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಬಾಯಿ ಸೊಟ್ಟಾದಾಗ ಗಾಳಿ ಬಡಿಯಿತೆಂದು ಮನೆಮದ್ದಿನಲ್ಲಿ ದಿನ ಕಳೆಯಬಾರದು. ಅದು ಲಕ್ವವೂ ಆಗಿರಬಹುದು, ಮೊದಲ ತಾಸುಗಳಲ್ಲೇ ಆಸ್ಪತ್ರೆ ಸೇರಬೇಕು.

ಕಾಲು ಮತ್ತು ಗಾಡಿ

ಬೈಕಿನವನ ಮೊಣಕಾಲು ಗಾಳಿಗೆ ನೇರವಾಗಿ ಸಿಗುತ್ತದೆ. ಧೋತರದಲ್ಲಿ ಓಡಿಸುವ ಹಿರಿಯರಿಗೆ ಇನ್ನೂ ಕಷ್ಟ. ಪ್ಯಾಂಟಿನ ಮೇಲೆ ರೇನ್‌ಕೋಟಿನ ಪ್ಯಾಂಟು ಹಾಕಿದರೆ ಪರಿಹಾರವಾಯಿತು. ಚಪ್ಪಲಿಯ ಮಾತು ಬೇರೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿ ತಯಾರಾಗುವ ಜಿಲ್ಲೆಗಳ ಪಟ್ಟಿಯಲ್ಲಿ ವಿಜಯಪುರವೂ ಇದೆ. ಅದು ಕಾದ ನೆಲಕ್ಕೆ ಒಪ್ಪುವ ಪಾದರಕ್ಷೆ, ಜನವರಿಯ ಗಿಯರಿಗಲ್ಲ. ಕಾಲುಚೀಲ, ಅದರ ಮೇಲೆ ತೆಳು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಬೂಟು ಇದ್ದರೆ ಬೆರಳು ಉಳಿಯುತ್ತವೆ.

ಗಾಡಿಯ ಆಕಾರವೂ ಲೆಕ್ಕಕ್ಕೆ ಬರುತ್ತದೆ. 1946ರಲ್ಲಿ ಇಟಲಿಯ ವೆಸ್ಪಾಗೆ ಕೊರಾದಿನೋ ದಾಸ್ಕಾನಿಯೋ ಕಾಲಿನ ಮುಂದೆ ಅಗಲ ತಗಡು ಇಟ್ಟ. ಅದರ ವಂಶದ ಬಜಾಜ್ ಚೇತಕ್ 1972ರಲ್ಲಿ ಬಂತು. ಇಂದಿನ ಸ್ಕೂಟಿಗಳೂ ಅದೇ ಏರ್ಪಾಟಿನವು. ಥಂಡಿಯಲ್ಲಿ ಸ್ಕೂಟರ್ ಬೈಕಿಗಿಂತ ನಿಶ್ಚಿತವಾಗಿ ಬೆಚ್ಚಗೆ. ಬೈಕಿಗೆ ಎದೆಮಟ್ಟದ ಪಾರದರ್ಶಕ ಗಾಳಿತಡೆ ಹಾಕಿಸಿದರೆ ಎದೆಗೆ ಬಡಿಯುವ ಗಾಳಿ ತೀರಾ ತಗ್ಗುತ್ತದೆ. ಒಂದೇ ತೊಡಕು ಅಡ್ಡಗಾಳಿ. ಕೊಲ್ಹಾರದ ಬಳಿ ಕೃಷ್ಣೆಯ ಹಿನ್ನೀರು ದಾಟುವ ಉದ್ದ ಸೇತುವೆಯಂಥ ಬಯಲಿನಲ್ಲಿ ಅದು ಗಾಡಿಯನ್ನು ಒಂದು ಬದಿಗೆ ತಳ್ಳುತ್ತದೆ.

ಯಂತ್ರದ ಬಗ್ಗೆ ಎರಡೇ ಮಾತು. ಕಾರ್ಬುರೇಟರಿನ ಹಳೆ ಗಾಡಿಗೆ ಚೋಕ್ ಎಳೆಯದೆ ಕಿಕ್ ಹೊಡೆಯುವುದು ದಂಡ. 2020ರ ಬಿಎಸ್ 6 ನಂತರದ ಬಹುಪಾಲು ಗಾಡಿಗಳಲ್ಲಿ ಆ ರಗಳೆಯಿಲ್ಲ. ಉಷ್ಣಾಂಶ 10 ಡಿಗ್ರಿ ಇಳಿದರೆ ಟಯರಿನ ಗಾಳಿ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ, ಮಧ್ಯಾಹ್ನ ಹಾಕಿಸಿದ ಗಾಳಿ ನಸುಕಿಗೆ ಕಡಿಮೆಯೇ. ರಸ್ತೆಯ ಬಗ್ಗೆ ಮಾತ್ರ ಹೆಚ್ಚು ಎಚ್ಚರ ಬೇಕು. ಇದು ಕಬ್ಬು ಅರೆಯುವ ಕಾಲ. ಹಿಂದೀಪವಿಲ್ಲದ ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರ್ ಕತ್ತಲಲ್ಲಿ ನಿಂತಿರಬಹುದು. ಚಳಿಗೆ ತಲೆ ತಗ್ಗಿಸಿ ಮೈ ಮುದುಡಿಕೊಂಡು ಓಡಿಸುವವನ ದೃಷ್ಟಿ ಅಷ್ಟು ದೂರ ಹೋಗಿರುವುದಿಲ್ಲ.

ಹೊಟ್ಟೆ ಮತ್ತು ಬೆಂಕಿ

ಈ ಸೀಮೆಯ ಅಡಿಗೆಗೆ ಚಳಿ ಚೆನ್ನಾಗಿ ಗೊತ್ತು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ ಎಲ್ಲವೂ ಎಣ್ಣೆಕಾಳಿನ, ನಿಧಾನಕ್ಕೆ ಅರಗಿ ಹೆಚ್ಚು ಹೊತ್ತು ಶಾಖ ಕೊಡುವ ತಿನಿಸು. ಖಾಲಿ ಹೊಟ್ಟೆಯಲ್ಲಿ ಹೊರಟವನು ಬೇಗ ನಡುಗುತ್ತಾನೆ. ದಾರಿಯ ಚಹಾದಂಗಡಿಯ ಒಂದು ಕಪ್ ಚಹಾ ಮೈಗೆ ಕೊಡುವ ಶಾಖ ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಅದರ ಉಪಯೋಗ ಬೇರೆ: ಸವಾರ ಗಾಳಿಯಿಂದ ಹತ್ತು ನಿಮಿಷ ಹೊರಬರುತ್ತಾನೆ, ಕಪ್ ಹಿಡಿದ ಬೆರಳು ಚಲಿಸುತ್ತವೆ. ಬದಿಯಲ್ಲಿ ಕಸಕಡ್ಡಿ ಹಾಕಿ ಕಾಸುವ ಬೆಂಕಿಯೂ ಹಾಗೆಯೇ. ಟಯರ್ ತುಂಡು, ಪ್ಲಾಸ್ಟಿಕ್ ಸುಡುವಲ್ಲಿ ಮಾತ್ರ ನಿಲ್ಲಬಾರದು, ಹೊಗೆ ವಿಷ.

ಶೆರೆ ಕುಡಿದರೆ ಚಳಿ ಹೋಗುತ್ತದೆ ಎಂಬುದು ಮೋಸ. ಅದು ಚರ್ಮದ ರಕ್ತನಾಳ ಹಿಗ್ಗಿಸಿ ಬಿಸಿಯಾದಂತೆ ತೋರಿಸುತ್ತದೆ, ಅದೇ ದಾರಿಯಲ್ಲಿ ಒಳಗಿನ ಶಾಖ ಹೊರಗೆ ಹೋಗುತ್ತದೆ. 100 ಮಿ.ಲೀ. ರಕ್ತದಲ್ಲಿ ಮದ್ಯಾಂಶ 30 ಮಿ.ಗ್ರಾಂ ಮೀರಿದರೆ ಗಾಡಿ ಓಡಿಸುವುದು ಕಾನೂನಿನ ಪ್ರಕಾರ ಅಪರಾಧ ಕೂಡ. ಬೀಡಿ ಸಿಗರೇಟು ತದ್ವಿರುದ್ಧವಾಗಿ ಬೆರಳಿನ ನಾಳಗಳನ್ನು ಇನ್ನಷ್ಟು ಬಿಗಿಯುತ್ತವೆ.

ಹಿಂದೆ ಕುಳಿತವರು, ಮುಂದೆ ಕುಳಿತ ಮಗು

ಹಿಂಬದಿ ಸವಾರರಿಗೆ ಓಡಿಸುವವನ ಬೆನ್ನೇ ಮರೆ. ಆದರೆ ಸೀರೆಯುಟ್ಟು ಒಂದೇ ಬದಿಗೆ ಕಾಲು ಹಾಕಿ ಕುಳಿತ ಹೆಣ್ಣುಮಕ್ಕಳ ಮೊಣಕಾಲು, ಪಾದ ಪೂರ್ತಿ ಗಾಳಿಗೆ ಸಿಗುತ್ತವೆ. ಹೊದ್ದ ಶಾಲು, ಸೆರಗು ಹಿಂಚಕ್ರಕ್ಕೆ ಸಿಕ್ಕಿ ಕುತ್ತಿಗೆಗೇ ಕುತ್ತು ಬರುವುದುಂಟು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹಿಂಚಕ್ರದ ಅರ್ಧಕ್ಕಾದರೂ ಬಟ್ಟೆ ಸಿಗದಂತೆ ಮರೆ ಇರಬೇಕೆಂದು ಹೇಳಿರುವುದು ಇದಕ್ಕಾಗಿಯೇ. ಅಂದಕ್ಕೆಂದು ಆ ಸಾರಿ ಗಾರ್ಡನ್ನು ಬಿಚ್ಚಿಸಿ ಓಡಿಸುವ ಹುಡುಗರ ಹಿಂದೆ ಶಾಲು ಹೊದ್ದು ಕೂರುವುದಕ್ಕಿಂತ ಬಸ್ಸು ಕಾಯುವುದು ಮೇಲು. ಕೂರಲೇಬೇಕಾದರೆ ಶಾಲಿನ ತುದಿ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಸ್ವೆಟರೋ ಜರ್ಕಿನ್ನೋ ಹಾಕಬೇಕು.

ಎಲ್ಲರಿಗಿಂತ ಹೆಚ್ಚು ಥಂಡಿ ತಿನ್ನುವುದು ಟ್ಯಾಂಕ್ ಮೇಲೆ ಕೂರಿಸಿದ ಮಗು. ಅಪ್ಪನಿಗೆ ಬಡಿಯಬೇಕಾದ ಗಾಳಿಯನ್ನು ಅದು ಮೊದಲು ತಡೆಯುತ್ತದೆ. ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಮಕ್ಕಳಲ್ಲಿ ದೊಡ್ಡದು, ಹಾಗಾಗಿ ಶಾಖ ಬೇಗ ಸೋರಿಹೋಗುತ್ತದೆ. ಚಳಿಯಾಗುತ್ತಿದೆ ಎಂದು ಹೇಳುವ ಬದಲು ಸಣ್ಣ ಮಕ್ಕಳು ಸುಮ್ಮನಾಗಿಬಿಡುತ್ತಾರೆ, ತೂಕಡಿಸುತ್ತಾರೆ. ಅದನ್ನು ನಿದ್ದೆ ಎಂದುಕೊಳ್ಳುವುದು ತಪ್ಪು. 2023ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದಂತೆ ನಾಲ್ಕು ವರ್ಷದೊಳಗಿನ ಮಕ್ಕಳನ್ನು ಸವಾರನಿಗೆ ಬಿಗಿಯುವ ಪಟ್ಟಿ ಹಾಕಿಯೇ ಒಯ್ಯಬೇಕು, 9 ತಿಂಗಳು ದಾಟಿದವರಿಗೆ ತಲೆಗೆ ಹೊಂದುವ ಹೆಲ್ಮೆಟ್ ಇರಬೇಕು, ವೇಗ 40 ಕಿ.ಮೀ. ಮೀರಬಾರದು. ನಿಯಮದಲ್ಲಿ ಚಳಿಯ ಮಾತಿಲ್ಲ. ಅದನ್ನು ಮನೆಯವರೇ ನೋಡಿಕೊಳ್ಳಬೇಕು: ಡಿಸೆಂಬರ್, ಜನವರಿಯಲ್ಲಿ ಕೈಗೂಸಿರುವವರು ಎಂಟೂವರೆಯ ಬಿಸಿಲು ಬಿದ್ದ ಮೇಲೆ ಹೊರಡಿ, ತುರ್ತಿದ್ದರೆ ಬಸ್ಸನ್ನೋ ಆಟೋವನ್ನೋ ಹಿಡಿಯಿರಿ.